ನೀಲ್ ದ್ವೀಪ ನೋಡೋದು ಹೇಗೆ: ಮೊದ್ಲು ಇಳಿತದ ಟೈಮ್, ಆಮೇಲೆ ಬೋಟ್ ಟಿಕೆಟ್

ಅಂಡಮಾನಿಗೆ ಹೋಗೋ ನಮ್ಮೋರಲ್ಲಿ ಹೆಚ್ಚಿನವರದ್ದು ಒಂದೇ ಪ್ಲಾನು. ಪೋರ್ಟ್ ಬ್ಲೇರಲ್ಲಿ ಸೆಲ್ಯುಲಾರ್ ಜೈಲು, ಹ್ಯಾವ್‌ಲಾಕಲ್ಲಿ ಎರಡು ರಾತ್ರಿ, ವಾಪಸ್ ಬರ್ತಾ ನೀಲ್ ದ್ವೀಪದಲ್ಲಿ ಅರ್ಧ ದಿನ. ಆ ಅರ್ಧ ದಿನದಲ್ಲಿ ಏನಾಗತ್ತೆ ಅಂದ್ರೆ ಮಧ್ಯಾಹ್ನ ಹನ್ನೆರಡಕ್ಕೆ ಬೋಟ್ ಇಳಿದು, ಟ್ಯಾಕ್ಸಿಯವನು ಮೂರು ಬೀಚಿಗೆ ಸುತ್ತಿಸಿ, ಕಲ್ಲಿನ ಸೇತುವೆ (ಸಮುದ್ರ ಕೊರೆದ ಕಲ್ಲಿನ ಕಮಾನು) ಹತ್ರ ಬಿಟ್ಟಾಗ ಸಮುದ್ರ ತುಂಬ್ಕೊಂಡು ನಿಂತಿರತ್ತೆ, ಹತ್ರ ಹೋಗಕ್ಕೇ ಆಗಲ್ಲ, ದೂರದಿಂದ ಒಂದು ಫೋಟೋ ಹೊಡ್ಕೊಂಡು ಬಂದು "ನೀಲ್ ಅಲ್ಲಿ ಅಂಥದ್ದೇನಿಲ್ಲ ಬಿಡ್ರೀ" ಅಂತಾರೆ. ತಪ್ಪು ದ್ವೀಪದ್ದಲ್ಲ, ಪ್ಯಾಕೇಜಿಂದು. ಇಲ್ಲಿ ನೋಡಬೇಕಾದ್ದರಲ್ಲಿ ಮುಕ್ಕಾಲು ಭಾಗ ನೀರು ಇಳಿದಾಗ ಮಾತ್ರ ಹೊರಗೆ ಕಾಣೋದು, ಹಾಗಾಗಿ ಕನಿಷ್ಠ ಎರಡು ರಾತ್ರಿ ಇಟ್ಕೊಳ್ಳಿ, ಅದೂ ಇಳಿತದ ಲೆಕ್ಕ ನೋಡ್ಕೊಂಡು. ಹೇಗೆ ಅಂತ ಕೆಳಗೆ ಬರ್ದಿದೀನಿ.

ಮೊದ್ಲು ಎಲ್ಲಿದೆ ಅಂತ. ಪೋರ್ಟ್ ಬ್ಲೇರಿಂದ ಈಶಾನ್ಯಕ್ಕೆ ಸುಮಾರು 36 ಕಿಲೋಮೀಟರ್ ದೂರದಲ್ಲಿ, ರಿಚೀಸ್ ಆರ್ಕಿಪೆಲಾಗೋ ಅನ್ನೋ ದ್ವೀಪಗಳ ಗುಂಪಿನ ದಕ್ಷಿಣದ ತುದಿ ಕಡೆ ಇದೆ. ಪೋರ್ಟ್ ಬ್ಲೇರಿಗೆ 2024ರ ಸೆಪ್ಟೆಂಬರಿಂದ ಶ್ರೀ ವಿಜಯಪುರಂ ಅಂತ ಹೆಸರು, ಆದ್ರೆ ಬಾಯಲ್ಲಿ ಇನ್ನೂ ಪೋರ್ಟ್ ಬ್ಲೇರೇ, ಟಿಕೆಟಲ್ಲಿ ಬೇರೆ ಹೆಸರು ಕಂಡ್ರೆ ಗಾಬರಿ ಆಗ್ಬೇಡಿ. ನೀಲ್ ಕೂಡ ಅಷ್ಟೇ, 2018ರ ಡಿಸೆಂಬರ್ 30ರಿಂದ ಅಧಿಕೃತವಾಗಿ ಶಹೀದ್ ದ್ವೀಪ್, ಹ್ಯಾವ್‌ಲಾಕ್ ಸ್ವರಾಜ್ ದ್ವೀಪ್. ಬೋಟ್ ಬುಕ್ ಮಾಡೋ ಸೈಟಲ್ಲಿ ಒಂದ್ಕಡೆ ಹಳೇ ಹೆಸರು ಒಂದ್ಕಡೆ ಹೊಸ ಹೆಸರು ಇರಬಹುದು, ಎರಡೂ ಗೊತ್ತಿರ್ಲಿ. ಇನ್ನೊಂದು ವಿಷ್ಯ, ನೀಲ್ಸ್ ಕೋವ್ ಅಂತ ಒಂದು ಬೀಚಿದೆ, ಅದು ನೀಲಲ್ಲಿಲ್ಲ, ಹ್ಯಾವ್‌ಲಾಕಲ್ಲಿ ರಾಧಾನಗರ ಬೀಚ್ ಪಕ್ಕ ಇರೋದು.

ದ್ವೀಪದ ವಿಸ್ತೀರ್ಣ 14 ಚದರ ಕಿಲೋಮೀಟರೂ ಇಲ್ಲ, 2011ರ ಜನಗಣತಿಲಿ ಇದ್ದಿದ್ದು ಮೂರು ಸಾವಿರ ಚಿಲ್ಲರೆ ಜನ. ಅಕ್ಷಾಂಶದ ಲೆಕ್ಕದಲ್ಲಿ ನಮ್ಮ ಮಂಗಳೂರಿಗಿಂತ ಸ್ವಲ್ಪ ಕೆಳಗೆ, ಹೆಚ್ಚುಕಮ್ಮಿ ಕಣ್ಣೂರಿನ ನೇರಕ್ಕೆ ಬರತ್ತೆ, ಹಾಗಾಗಿ ಸೆಖೆ, ಮಳೆ, ತೆಂಗು, ಅಡಿಕೆ ಎಲ್ಲಾ ಕರಾವಳಿಯವ್ರಿಗೆ ಗೊತ್ತಿರೋದೇ. ಬೇರೆ ಇರೋದು ಗಡಿಯಾರ. ಇದು 93 ಡಿಗ್ರಿ ರೇಖಾಂಶದಲ್ಲಿದೆ, ಬೆಂಗಳೂರು 77.6ರಲ್ಲಿ, ಟೈಮ್ ಮಾತ್ರ ಎರಡಕ್ಕೂ ಒಂದೇ. ಅಂದ್ರೆ ಸೂರ್ಯ ಇಲ್ಲಿ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮುಂಚೆ ಬರ್ತಾನೆ, ಒಂದು ಗಂಟೆ ಮುಂಚೆ ಹೋಗ್ತಾನೆ. ಡಿಸೆಂಬರ್ ಶುರುವಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯಾಸ್ತ ಮುಗಿದೇ ಹೋಗಿರತ್ತೆ. "ನಾಲ್ಕಕ್ಕೆ ಟೀ ಕುಡ್ದು ಐದೂವರೆಗೆ ಸನ್‌ಸೆಟ್ ನೋಡೋಣ" ಅಂತ ರೂಮಲ್ಲಿ ಮಲಗಿದ್ರೆ ಕತ್ತಲೆ ನೋಡ್ಕೊಂಡು ಬರ್ಬೇಕಾಗತ್ತೆ. ಬೆಳಗ್ಗೆ ಐದೂವರೆ ಅಂದ್ರೆ ಇಲ್ಲಿ ಒಳ್ಳೇ ಬೆಳಕು, ಆ ಹೊತ್ತಿಗೆ ಎದ್ದೋರಿಗೆ ಈ ದ್ವೀಪ ದಕ್ಕತ್ತೆ.

ಚರಿತ್ರೆ ಸ್ವಲ್ಪ ತಿಳ್ಕೊಂಡು ಹೋದ್ರೆ ಊರು ಬೇರೆ ಥರ ಕಾಣತ್ತೆ. ರಿಚೀ ಅನ್ನೋನು 18ನೇ ಶತಮಾನದಲ್ಲಿ ಬಂಗಾಳ ಕೊಲ್ಲಿ ಸರ್ವೆ ಮಾಡಿದ ಬ್ರಿಟಿಷ್ ನಾವಿಕ, ಗುಂಪಿಗೆ ಅವನ ಹೆಸರು. ಒಂದೊಂದು ದ್ವೀಪಕ್ಕೆ ಇಟ್ಟಿರೋದು ಹೆಚ್ಚಾಗಿ 1857ರ ದಂಗೆ ಕಾಲದ ಇಂಗ್ಲಿಷ್ ಅಧಿಕಾರಿಗಳ ಹೆಸರು, ಹ್ಯಾವ್‌ಲಾಕ್, ಔಟ್ರಾಂ, ಲಾರೆನ್ಸ್, ನಿಕೋಲ್ಸನ್, ಹೀಗೆ. ನೀಲ್ ಅಂದ್ರೆ ಜೇಮ್ಸ್ ನೀಲ್, ಅಲಹಾಬಾದಲ್ಲಿ ಕಾನ್ಪುರದಲ್ಲಿ ಜನರನ್ನ ಸಾಲುಸಾಲಾಗಿ ನೇಣಿಗೆ ಹಾಕಿಸಿದವನು, ಅದೇ ವರ್ಷ ಸೆಪ್ಟೆಂಬರಲ್ಲಿ ಲಕ್ನೋದಲ್ಲಿ ಗುಂಡೇಟಿಗೆ ಸತ್ತ. ಅವನ ಪ್ರತಿಮೆ ಮದ್ರಾಸಿನ ಮೌಂಟ್ ರೋಡಲ್ಲಿತ್ತು, ಅದನ್ನ ತೆಗೀರಿ ಅಂತ 1927ರಲ್ಲಿ ಸತ್ಯಾಗ್ರಹಾನೇ ಆಯ್ತು, ಕೊನೆಗೆ 1937ರಲ್ಲಿ ರಾಜಾಜಿ ಸರ್ಕಾರ ಬಂದಾಗ ಎತ್ತಿ ಮ್ಯೂಸಿಯಂಗೆ ಹಾಕಿದ್ರು. ಪ್ರತಿಮೆ ಹೋದ್ಮೇಲೂ ದ್ವೀಪದ ಮೇಲೆ ಅವನ ಹೆಸರು ಎಂಬತ್ತು ವರ್ಷ ಉಳೀತು ನೋಡಿ. ಈಗಿನ ಹೆಸರು ಸುಭಾಷ್ ಬೋಸ್ ಅವ್ರಿಂದ ಬಂದಿದ್ದು, 1943ರ ಡಿಸೆಂಬರ್ 30ಕ್ಕೆ ಪೋರ್ಟ್ ಬ್ಲೇರಲ್ಲಿ ಬಾವುಟ ಹಾರಿಸಿದಾಗ ಅವ್ರು ಅಂಡಮಾನ್ ಪೂರ್ತಿಗೆ ಶಹೀದ್, ನಿಕೋಬಾರಿಗೆ ಸ್ವರಾಜ್ ಅಂತ ಇಟ್ಟಿದ್ರು, 75 ವರ್ಷ ಆದ್ಮೇಲೆ ಆ ಎರಡು ಹೆಸರು ಈ ಎರಡು ಪುಟ್ಟ ದ್ವೀಪಗಳಿಗೆ ಬಂದು ಕೂತಿವೆ. ನೀಲಿನ ಆಗ್ನೇಯಕ್ಕೆ ಇನ್ನೊಂದು ಚಿಕ್ಕ ದ್ವೀಪ ಇದೆ, ಆಮೆಗಳ ರಕ್ಷಣೆಗೆ ಮೀಸಲಿಟ್ಟಿರೋದು, ಅದರ ಹೆಸರು ಸರ್ ಹ್ಯೂ ರೋಸ್. ಝಾನ್ಸಿ ರಾಣಿ ಮೇಲೆ ಯುದ್ಧಕ್ಕೆ ಬಂದ ಹ್ಯೂ ರೋಸೇ.

ಇವರೆಲ್ಲರಿಗಿಂತ ಮುಂಚೆ ಈ ದ್ವೀಪಗಳು ಅಕರ್-ಬಾಲೆ ಜನರದ್ದು, ಗ್ರೇಟ್ ಅಂಡಮಾನೀಸ್ ಬುಡಕಟ್ಟುಗಳಲ್ಲಿ ಒಂದು. 1858ರಲ್ಲಿ ಕೈದಿಗಳ ವಸಾಹತು ಶುರುವಾದ್ಮೇಲೆ ಹೊರಗಿನ ರೋಗಗಳು ಬಂದ್ವು, 1877ರ ದಡಾರ ಒಂದೇ ಎಷ್ಟೋ ಗುಂಪುಗಳನ್ನ ಅರ್ಧಕ್ಕೆ ಇಳಿಸಿಬಿಡ್ತು, ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲೇ ಅಕರ್-ಬಾಲೆ ಭಾಷೆ ಜನ ಎರಡೂ ಇಲ್ಲವಾದ್ವು. ಯಾವ ಟೂರ್ ಬೋರ್ಡಲ್ಲೂ ಅವರ ಸುದ್ದಿ ಇರಲ್ಲ. ಈಗ ಇರೋ ಹಳ್ಳಿಗಳು 1960ರ ದಶಕದ್ದು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಜಮೀನು ಕೊಟ್ಟು ಕೂರಿಸಿದ್ದು, ಅವರು ಕಾಡು ಕಡಿದು ಗದ್ದೆ ಮಾಡಿದ್ರು. ಊರುಗಳ ಹೆಸರೆಲ್ಲ ರಾಮಾಯಣದ್ದು: ಸೀತಾಪುರ, ಭರತ್‌ಪುರ, ಲಕ್ಷ್ಮಣ್‌ಪುರ, ರಾಮ್ ನಗರ್. ಮಧ್ಯದ ಪೇಟೆ ಮಾತ್ರ ನೀಲ್ ಕೇಂದ್ರ.

ಈಗ ಮುಖ್ಯ ವಿಷ್ಯ, ಇಳಿತ ಲೆಕ್ಕ ಹಾಕೋದು ಹೇಗೆ. ಕುಂದಾಪುರ, ಕಾರವಾರದ ಕಡೆಯವ್ರಿಗೆ ಭರತ ಇಳಿತ, ಅಂದ್ರೆ ಸಮುದ್ರದ ನೀರು ಏರಿ ಇಳಿಯೋದು, ಹೇಳ್ಕೊಡೋದು ಬೇಕಾಗಿಲ್ಲ, ಅವ್ರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಉಳಿದೋರಿಗೆ: ಇಲ್ಲಿ ದಿನಕ್ಕೆ ಎರಡು ಸಲ ನೀರು ಏರತ್ತೆ, ಎರಡು ಸಲ ಇಳಿಯತ್ತೆ, ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಹನ್ನೆರಡೂ ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ದಿನದಿಂದ ದಿನಕ್ಕೆ ಟೈಮ್ ಸುಮಾರು 50 ನಿಮಿಷ ಮುಂದೆ ಹೋಗತ್ತೆ, ಇವತ್ತು ಬೆಳಗ್ಗೆ ಆರಕ್ಕೆ ಇಳಿತ ಇದ್ರೆ ನಾಳೆ ಏಳರ ಹತ್ರ. ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ನೀರು ಜಾಸ್ತಿ ಏರಿ ಜಾಸ್ತಿ ಇಳಿಯತ್ತೆ, ಬಂಡೆ ಹಾಸು ದೂರದವರೆಗೂ ಬಿಚ್ಕೊಳ್ಳತ್ತೆ. ಅಷ್ಟಮಿ ಹತ್ರ ಬಂದಾಗ ವ್ಯತ್ಯಾಸ ಕಮ್ಮಿ, ಇಳಿತದಲ್ಲೂ ಮೊಣಕಾಲು ನೀರು ಉಳಿದುಬಿಡಬಹುದು. ಮನೇಲಿರೋ ಕ್ಯಾಲೆಂಡರ್ ತೆಗೆದು ಹುಣ್ಣಿಮೆ ಅಥವಾ ಅಮಾವಾಸ್ಯೆ ಆದ್ಮೇಲಿನ ಎರಡು ಮೂರು ದಿನ ಮೊದ್ಲು ಗುರುತು ಹಾಕ್ಕೊಳ್ಳಿ, ನೀರಿನ ಏರಿಳಿತ ಸಾಮಾನ್ಯವಾಗಿ ತಿಥಿಯ ದಿನಕ್ಕಿಂತ ಒಂದೆರಡು ದಿನ ಬಿಟ್ಟು ಜೋರಾಗತ್ತೆ. ಆಮೇಲೆ ಆನ್‌ಲೈನಲ್ಲಿ ಪೋರ್ಟ್ ಬ್ಲೇರಿನ ಟೈಡ್ ಟೇಬಲ್ (ಏರಿಳಿತದ ಟೈಮಿನ ಪಟ್ಟಿ) ತೆಗೆದು ಆ ದಿನಗಳಲ್ಲಿ ಹಗಲು ಹೊತ್ತಿನ ಇಳಿತ ಎಷ್ಟೊತ್ತಿಗೆ ಅಂತ ನೋಡಿ. ಪೋರ್ಟ್ ಬ್ಲೇರಿಗೂ ನೀಲಿಗೂ ದೊಡ್ಡ ವ್ಯತ್ಯಾಸ ಇರಲ್ಲ. ಇಷ್ಟಾದ್ಮೇಲೇ ಬೋಟ್ ಟಿಕೆಟ್ ಬುಕ್ ಮಾಡಿ.

ದಿನ ಹಂಚ್ಕೊಳ್ಳೋದೂ ಇದರ ಮೇಲೇ. ಬೆಳಗ್ಗೆ ಇಳಿತ ಇದ್ರೆ ಎದ್ದ ತಕ್ಷಣ ಕಲ್ಲಿನ ಸೇತುವೆ, ಮಧ್ಯಾಹ್ನ ನೀರು ತುಂಬಿದಾಗ ಭರತ್‌ಪುರದಲ್ಲಿ ಈಜು, ಸಂಜೆ ಲಕ್ಷ್ಮಣ್‌ಪುರ. ಮಧ್ಯಾಹ್ನದ ಮೇಲೆ ಇಳಿತ ಇದ್ರೆ ಬೆಳಗ್ಗೆ ಸೀತಾಪುರದಲ್ಲಿ ಸೂರ್ಯೋದಯ, ಆಮೇಲೆ ಈಜು, ಸಂಜೆ ಮುಂಚೆ ಸೇತುವೆ. ಟ್ಯಾಕ್ಸಿಯವ್ರು, ಹೋಂಸ್ಟೇಯವ್ರು ಎಲ್ಲರಿಗೂ ಇವತ್ತಿನ ಇಳಿತ ಬಾಯಲ್ಲೇ ಇರತ್ತೆ, "ಪಾನಿ ಕಬ್ ಉತರೇಗಾ" ಅಂತ ಕೇಳಿದ್ರೆ ಸಾಕು. ಕೇಳ್ದಿದ್ರೆ ಹೇಳಲ್ಲ, ಅವ್ರಿಗೆ ಟ್ರಿಪ್ ಮುಗಿದ್ರೆ ಆಯ್ತು.

ಕಲ್ಲಿನ ಸೇತುವೆಗೆ ಅಲ್ಲಿ ಬಂಗಾಳಿಗಳು ಪ್ರೀತಿಯಿಂದ ಹೌರಾ ಬ್ರಿಡ್ಜ್ ಅಂತಾರೆ. ಲಕ್ಷ್ಮಣ್‌ಪುರ ನಂಬರ್ ಎರಡು ಅಂತ ಕೇಳ್ಕೊಂಡು ಹೋಗಿ, ನಂಬರ್ ಒಂದು ಬೇರೆ, ಅದು ಸೂರ್ಯಾಸ್ತದ ಬೀಚು, ಎರಡಕ್ಕೂ ದಾರಿ ಬೇರೆ ಬೇರೆ. ಗಾಡಿ ನಿಲ್ಲೋ ಕಡೆ ಎಳನೀರು, ನಿಂಬೆ ಶರಬತ್ತಿನ ಅಂಗಡಿ ಸಾಲು, ಅಲ್ಲಿಂದ ಕೆಳಗಿಳಿದ್ರೆ ಬಂಡೆ ಹಾಸು. ಇಳಿತದ ಟೈಮಿಗೆ ಒಂದು ಗಂಟೆ ಮುಂಚೆ ಅಲ್ಲಿರಿ, ಇಳಿತ ಆಗಿ ಒಂದು ಗಂಟೆ ಒಳಗೆ ವಾಪಸ್ ಹತ್ತಿ. ನೀರು ಏರೋಕೆ ಶುರುವಾದ್ರೆ ಮೊದ್ಲು ನೀವು ನಡ್ಕೊಂಡು ಬಂದ ತಗ್ಗಿನ ಜಾಗಗಳೇ ತುಂಬೋದು, ಸೇತುವೆ ಕೆಳಗೆ ನಿಂತು ಸೆಲ್ಫಿ ತೆಗೀತಿರೋರಿಗೆ ಅದು ಗೊತ್ತಾಗಲ್ಲ.

ಕಾಲಿಗೆ ಹವಾಯಿ ಚಪ್ಪಲಿ ಬೇಡವೇ ಬೇಡ. ಪಾಚಿ ಕಲ್ಲು ಜಾರತ್ತೆ, ಸತ್ತ ಹವಳ ಬ್ಲೇಡಿನ ಹಾಗೆ ಕುಯ್ಯತ್ತೆ, ಹಿಂದೆ ಪಟ್ಟಿ ಇರೋ ಸ್ಯಾಂಡಲ್ಸ್ ಅಥವಾ ಹಳೇ ಶೂ ಹಾಕ್ಕೊಳ್ಳಿ. ವಯಸ್ಸಾದವರು ಇದ್ರೆ ಒಂದು ಕೋಲು ಹಿಡ್ಕೊಂಡೇ ಬರ್ಲಿ. ಅಲ್ಲೇ ಸ್ಥಳೀಯ ಹುಡುಗರು ಗೈಡ್ ಆಗಿ ಬರ್ತಾರೆ, ರೇಟು ಮೊದ್ಲೇ ಮಾತಾಡ್ಕೊಂಡು ಒಬ್ಬರನ್ನ ಕರ್ಕೊಳ್ಳಿ, ಇದು ಖರ್ಚಲ್ಲ. ಯಾಕಂದ್ರೆ ಬರೀ ಕಣ್ಣಿಗೆ ಅಲ್ಲಿ ಕಾಣೋದು ಬೂದು ಬಣ್ಣದ ಬಂಡೆ, ಮಧ್ಯೆ ಮಧ್ಯೆ ನೀರು ನಿಂತ ಗುಂಡಿ, ಅಷ್ಟೇ. ಆ ಹುಡುಗ ಒಂದು ಗುಂಡಿ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆರಳು ತೋರಿಸಿದಾಗ, ಕಲ್ಲಿನ ಬಿರುಕಲ್ಲಿ ಸಿಕ್ಕೊಂಡ ಹಾಗಿರೋ ಒಂದು ದೊಡ್ಡ ಚಿಪ್ಪು, ಬಾಯಿ ಸ್ವಲ್ಪ ತೆರ್ಕೊಂಡು ಒಳಗಿಂದ ನೀಲಿ ನೇರಳೆ ಬಣ್ಣದ ಅಂಚು, ನಮ್ಮ ನೆರಳು ಮೇಲೆ ಬಿದ್ದ ತಕ್ಷಣ ಪಟಕ್ಕಂತ ಮುಚ್ಕೊಳ್ಳತ್ತೆ. ಎರಡು ನಿಮಿಷ ಅಲ್ಲಾಡ್ದೆ ಕೂತ್ರೆ ಮತ್ತೆ ನಿಧಾನಕ್ಕೆ ತೆರ್ಕೊಳ್ಳತ್ತೆ. ಪಕ್ಕದಲ್ಲೇ ಕಪ್ಪಗೆ ಒಂದು ಗೇಣುದ್ದ ಬಿದ್ಕೊಂಡಿರೋದು ಸಮುದ್ರ ಸೌತೆ, ತರಕಾರಿ ಅಲ್ಲ, ಜೀವ ಇರೋ ಪ್ರಾಣಿ. ಮರಳು ನುಂಗಿ ಅದರಲ್ಲಿರೋ ಕೊಳೆತದ್ದನ್ನ ಜೀರ್ಣ ಮಾಡ್ಕೊಂಡು ಶುದ್ಧ ಮರಳು ಹೊರಗೆ ಹಾಕೋದೇ ಅದರ ಕೆಲ್ಸ. ಕಲ್ಲಿನ ಅಡಿಯಿಂದ ತೆಳ್ಳಗೆ ಐದು ಬಾಲಗಳು ಹೊರಗೆ ಬಂದಿದ್ರೆ ಅದು ನಕ್ಷತ್ರ ಮೀನಿನ ಹತ್ತಿರದ ಸಂಬಂಧಿ, ಹಗಲಲ್ಲಿ ಬಚ್ಚಿಟ್ಕೊಂಡಿರತ್ತೆ. ಕೆಲವು ಗೈಡುಗಳು ಖುಷಿಪಡಿಸೋಕೆ ಇವನ್ನ ಎತ್ತಿ ಕೈಗೆ ಕೊಡೋಕೆ ಬರ್ತಾರೆ, ಬೇಡಪ್ಪ ಅಲ್ಲೇ ಇಡು ಅನ್ನಿ. ಸಮುದ್ರ ಸೌತೆ, ದೈತ್ಯ ಚಿಪ್ಪು, ಹವಳ ಎಲ್ಲಾ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಳಗೆ ಬರೋ ಜೀವಿಗಳು.

ಸೇತುವೆ ಅಂದ್ರೆ ಸಮುದ್ರ ಕೊರೆದ ಕಮಾನು. ಹೇಗಾಯ್ತು ಅಂತ ಕುತೂಹಲ ಇರೋರಿಗೆ: ಅಂಡಮಾನಿನ ದೊಡ್ಡ ದ್ವೀಪಗಳ ಕಲ್ಲು ಬೇರೆ, ಈ ಗುಂಪಿನ ಕಲ್ಲು ಬೇರೆ. ಇಲ್ಲಿರೋದು ಸಮುದ್ರದ ತಳದಲ್ಲಿ ಚಿಪ್ಪು, ಹವಳ, ಕಣ್ಣಿಗೆ ಕಾಣದಂಥ ಸೂಕ್ಷ್ಮಜೀವಿಗಳ ಸುಣ್ಣ ಪದರ ಪದರವಾಗಿ ಕೂತು ಆಮೇಲೆ ಭೂಮಿ ಮೇಲೆದ್ದು ಬಂದಿರೋ ಸುಣ್ಣಕಲ್ಲು. ಹತ್ರ ಹೋಗಿ ಕಮಾನಿನ ಗೋಡೆ ನೋಡಿ, ಚಿಪ್ಪಿನ ಚೂರುಗಳು ಕಲ್ಲಲ್ಲೇ ಕಾಣತ್ತೆ. ಈ ಕಲ್ಲು ಮೆತ್ತಗೆ, ಅಲೆ ಅಡಿಯಿಂದ ತಿಂತಾ ಹೋಗತ್ತೆ, ಗಟ್ಟಿ ಪದರ ಮೇಲೆ ಉಳ್ಕೊಳ್ಳತ್ತೆ. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಲಾವಾ ತಣ್ಣಗಾಗಿ ಆಗಿದ್ದು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದ್ರೆ ಎರಡೂ ನೋಡಿರೋರಿಗೆ ದ್ವೀಪ ಅಂದ್ರೆ ಒಂದೇ ಥರ ಅಲ್ಲ ಅಂತ ಗೊತ್ತಾಗತ್ತೆ. ಕಮಾನಿನ ಮೇಲೆ ಹತ್ತೋಕೆ ಹೋಗ್ಬೇಡಿ, ಅದು ಉದುರ್ತಾ ಇರೋ ಕಲ್ಲು.

ಭರತ್‌ಪುರ ಜೆಟ್ಟಿಯಿಂದ ನಡೆದೇ ಹೋಗಬಹುದು, ಉತ್ತರದ ಕಡೆ. ಆಳ ಕಮ್ಮಿ, ಅಲೆ ಕಮ್ಮಿ, ಮಕ್ಕಳಿಗೆ ಚೆನ್ನಾಗಿರತ್ತೆ, ಗಾಜಿನ ತಳದ ದೋಣಿ, ಸ್ಕೂಟರ್ ಥರದ ನೀರಾಟ ಎಲ್ಲಾ ಇಲ್ಲೇ, ಗಲಾಟೆನೂ ಇಲ್ಲೇ. ಇಳಿತದಲ್ಲಿ ಹೋದ್ರೆ ಈಜೋಕೆ ನೀರೇ ಇರಲ್ಲ, ಹವಳದ ಮೇಲೆ ನಡೀಬೇಕಾಗತ್ತೆ, ಅದು ಕಾಲಿಗೂ ಒಳ್ಳೇದಲ್ಲ ಹವಳಕ್ಕೂ ಅಲ್ಲ. ಹವಳ ಅಂದ್ರೆ ಟಿವಿಲಿ ತೋರ್ಸೋ ಬಣ್ಣ ನಿರೀಕ್ಷೆ ಮಾಡ್ಬೇಡಿ. 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನಿನ ಹವಳ ತುಂಬಾ ಬೆಳ್ಳಗಾಗಿ ಸತ್ತಿತ್ತು, ಆಮೇಲೂ ಪೆಟ್ಟು ತಿಂದಿದೆ, ಹಾಗಾಗಿ ಅಲ್ಲಲ್ಲಿ ಬೂದು ಹಾಸು, ಅಲ್ಲಲ್ಲಿ ಹೊಸದಾಗಿ ಚಿಗುರ್ತಿರೋದು. ಮೀನು ಮಾತ್ರ ಬೇಜಾನ್. ಈ ದ್ವೀಪದ ಸುತ್ತ ನೀರಲ್ಲಿ ಹುಲ್ಲು ಬೆಳೆಯೋ ಜಾಗಗಳಿವೆ, ಅದನ್ನ ಮೇಯಕ್ಕೆ ಡುಗಾಂಗ್, ಅಂದ್ರೆ ಕಡಲಹಸು ಬರತ್ತೆ, ಅಂಡಮಾನಿನ ರಾಜ್ಯಪ್ರಾಣಿ. ಕಾಣ್ಸತ್ತೆ ಅಂತ ಯಾರಾದ್ರೂ ಗ್ಯಾರಂಟಿ ಕೊಟ್ಟು ದುಡ್ಡು ಕೇಳಿದ್ರೆ ಕೊಡ್ಬೇಡಿ.

ಸೀತಾಪುರ ಪೂರ್ವದ ತುದಿ, ಪೇಟೆಯಿಂದ ಐದು ಕಿಲೋಮೀಟರ್ ಆಸುಪಾಸು. ತೆರೆದ ಸಮುದ್ರ, ಅಲೆ ಜೋರು, ಇಲ್ಲಿ ಈಜಬೇಡಿ, ಸೂರ್ಯೋದಯಕ್ಕೆ ಬನ್ನಿ. ಲಕ್ಷ್ಮಣ್‌ಪುರ ಒಂದು ಪಶ್ಚಿಮದ್ದು, ಉದ್ದಕ್ಕೆ ಬಿಳಿ ಮರಳು, ಅಂಗಡಿ ಕಮ್ಮಿ. ರಾಮ್ ನಗರ್ ಬೀಚಿಗೆ ಹೋಗದೇ ಇದ್ರೂ ನಡೆಯತ್ತೆ. ಎಲ್ಲಾ ಕಡೆ ಸಂಜೆ ಹೊತ್ತು ಮರಳಲ್ಲಿ ಕಣ್ಣಿಗೆ ಕಾಣದ ಸಣ್ಣ ನೊಣ ಕಚ್ಚತ್ತೆ, ಆವಾಗ ಗೊತ್ತಾಗಲ್ಲ, ಮಾರನೇ ದಿನ ಕೆರೆದು ಕೆರೆದು ಸಾಕಾಗತ್ತೆ, ಬರೀ ಮರಳ ಮೇಲೆ ಮಲಗೋ ಬದಲು ದಪ್ಪ ಬಟ್ಟೆ ಹಾಸ್ಕೊಳ್ಳಿ, ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಕೊಳ್ಳಿ. ಮೊಸಳೆ ಬೋರ್ಡ್ ಕಂಡ್ರೆ ಅದನ್ನ ತಮಾಷೆ ಅನ್ಕೋಬೇಡಿ, ಅಂಡಮಾನಲ್ಲಿ ಉಪ್ಪುನೀರಿನ ಮೊಸಳೆ ನಿಜವಾಗ್ಲೂ ಇದೆ. ಲೈಫ್‌ಗಾರ್ಡ್ ಇಳೀಬೇಡಿ ಅಂದ್ರೆ ಇಳೀಬಾರ್ದು, ಅಷ್ಟೇ.

ಬೀಚ್ ಬಿಟ್ಟು ಒಂದು ಅರ್ಧ ದಿನ ಸೈಕಲ್ ಬಾಡಿಗೆ ತಗೊಂಡು ಒಳಗಿನ ರಸ್ತೇಲಿ ಸುತ್ತಿ. ನನ್ನ ಕೇಳಿದ್ರೆ ಸೇತುವೆಗಿಂತ ಇದೇ ಚೆನ್ನ. ದೊಡ್ಡ ಏರು ಇಲ್ಲ, ಗಾಡಿ ಕಮ್ಮಿ. ಎರಡೂ ಕಡೆ ಭತ್ತದ ಗದ್ದೆ, ಗದ್ದೆ ಅಂಚಿಗೆ ಅಡಿಕೆ, ಬಾಳೆ, ಚಪ್ಪರದ ಮೇಲೆ ಹೀರೆ ಪಡವಲ, ಬದನೆ ಬೆಂಡೆ ಸಾಲು. ಪೋರ್ಟ್ ಬ್ಲೇರಿನ ಮಾರ್ಕೆಟಿಗೆ ತರಕಾರಿ ಹೋಗೋದು ಇಲ್ಲಿಂದ, ಬೆಳಗ್ಗೆ ಜೆಟ್ಟಿ ಕಡೆ ಬುಟ್ಟಿ ಮೂಟೆ ಸಾಗೋದು ನೋಡಬಹುದು. ಮನೆ ಮುಂದೆ ಮೀನಿನ ಕೆರೆ, ಬಂಗಾಳದ ಹಳ್ಳಿಗಳಲ್ಲಿ ಇರೋ ಹಾಗೆ. ಸಮುದ್ರದ ಮಧ್ಯೆ ಕೂತಿದ್ರೂ ಈ ಜನ ಮೂಲತಃ ರೈತರು, ಮಾತಾಡ್ಸಿದ್ರೆ ಮಳೆ, ರೇಟು, ಬಸವನಹುಳ ಕಾಟ ಇದೇ ಮಾತು. ಮನೇಲಿ ಬಂಗಾಳಿ, ಹೊರಗೆ ಹಿಂದಿ, ನಿಮ್ಮ ಹರಕು ಮುರುಕು ಹಿಂದಿ ಸಾಕು. ತೀರದ ಕಡೆ ಬಂದ್ರೆ ಇಬ್ಬರು ತಬ್ಬಿದ್ರೂ ಸಿಗದಂಥ ಸಮುದ್ರ ಮೊಹ್ವಾ ಮರಗಳು, ನೀರಿನ ಅಂಚಿಗೆ ಬಗ್ಗಿ ನಿಂತಿರತ್ತೆ, ಅದರ ಪಕ್ಕ ಕೇದಗೆ ಜಾತಿ ಗಿಡ.

ಊಟ ಪೇಟೇಲಿ ಮೀನಿನ ಥಾಲಿ, ಅನ್ನ, ತೆಳ್ಳಗಿನ ಬೇಳೆ, ಸಾಸಿವೆ ಎಣ್ಣೆ ವಾಸ್ನೆ ಇರತ್ತೆ. ಸಸ್ಯಾಹಾರಿಗಳಿಗೆ ತೊಂದ್ರೆ ಇಲ್ಲ, ತರಕಾರಿ ಊರೇ ಇದು, ಆದ್ರೆ ಆರ್ಡರ್ ಮೊದ್ಲೇ ಹೇಳಿ, ಅರ್ಧ ಗಂಟೆ ಮಾಡ್ತಾರೆ. ಕ್ಯಾಶ್ ಪೋರ್ಟ್ ಬ್ಲೇರಿಂದಲೇ ತನ್ನಿ. ಚೆನ್ನೈಯಿಂದ ಸಮುದ್ರದಡಿ ಹಾಕಿದ ಕೇಬಲ್ 2020ರಲ್ಲಿ ಶುರುವಾದ್ಮೇಲೆ ಪೋರ್ಟ್ ಬ್ಲೇರಲ್ಲಿ ನೆಟ್ ಸುಧಾರಿಸಿದೆ, ಇಲ್ಲಿ ಸಿಗ್ನಲ್ ನಂಬ್ಕೊಂಡು ಆಫೀಸ್ ಕಾಲ್ ಒಪ್ಕೋಬೇಡಿ, ಯುಪಿಐ ತಿರುಗ್ತಾ ತಿರುಗ್ತಾ ನಿಂತುಬಿಡತ್ತೆ.

ಹೋಗೋದು ಹೇಗೆ ಅಂದ್ರೆ ಬೆಂಗಳೂರಿಂದ ಪೋರ್ಟ್ ಬ್ಲೇರಿಗೆ ನೇರ ವಿಮಾನ ಇದೆ, ಅಲ್ಲಿಂದ ಸರ್ಕಾರಿ ಹಡಗು ಇಲ್ಲಾ ಪ್ರೈವೇಟ್ ಕ್ಯಾಟಮರಾನ್. ಪ್ರೈವೇಟದ್ದು ಒಂದು ಒಂದೂವರೆ ಗಂಟೆ, ಮುಚ್ಚಿದ ಏಸಿ ಕ್ಯಾಬಿನ್, ಸಮುದ್ರ ಒರಟಾಗಿದ್ದ ದಿನ ಒಳಗೆ ಅರ್ಧ ಜನ ಕವರ್ ಹಿಡ್ಕೊಂಡಿರ್ತಾರೆ. ಸರ್ಕಾರಿದು ನಿಧಾನ, ಎರಡು ಗಂಟೆ ಹತ್ರ, ಅಗ್ಗ, ಡೆಕ್ ಮೇಲೆ ಗಾಳಿಗೆ ನಿಲ್ಲಬಹುದು, ಊರಿನ ಜನ ಇದರಲ್ಲೇ ಓಡಾಡೋದು, ಟಿಕೆಟ್ ಸಿಗೋದು ಸ್ವಲ್ಪ ಕಷ್ಟ. ವಾಂತಿ ಆಗೋರು ಡಾಕ್ಟ್ರನ್ನ ಕೇಳಿ ಮಾತ್ರೆ ತಂದು ಹತ್ತೋಕೆ ಮುಂಚೆನೇ ತಗೊಳ್ಳಿ, ಹತ್ತಿದ್ಮೇಲೆ ತಗೊಂಡ್ರೆ ಅಷ್ಟು ಪ್ರಯೋಜನ ಇಲ್ಲ. ಭಾರತೀಯರಿಗೆ ಪರ್ಮಿಟ್ ಬೇಡ, ಒರಿಜಿನಲ್ ಐಡಿ ಇರ್ಲಿ. ಹ್ಯಾವ್‌ಲಾಕಿಂದ ನೀಲಿಗೆ ಒಂದು ಗಂಟೆ ಒಳಗೇ ಬರಬಹುದು.

ಸೀಸನ್ ಜನವರಿಯಿಂದ ಏಪ್ರಿಲ್ ಶುರುವರೆಗೆ ಒಳ್ಳೇದು. ಇಲ್ಲಿ ಎರಡೂ ಮಾನ್ಸೂನ್ ಹೊಡೆಯತ್ತೆ, ಮೇಯಿಂದ ಸೆಪ್ಟೆಂಬರ್ ನೈಋತ್ಯದ್ದು, ಅದು ಹೋಗ್ತಿದ್ದ ಹಾಗೆ ಈಶಾನ್ಯದ್ದು, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ನವೆಂಬರ್ ಡಿಸೆಂಬರಲ್ಲಿ ಬಂಗಾಳ ಕೊಲ್ಲೀಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದ್ರೆ ಬೋಟ್ ಎಲ್ಲಾ ಬಂದ್, ದ್ವೀಪದಲ್ಲಿದ್ದೋರು ದ್ವೀಪದಲ್ಲೇ. ಅದಕ್ಕೆ ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರಲ್ಲೇ ಇರೋ ಹಾಗೆ ಮಾಡ್ಕೊಳ್ಳಿ, ಬೆಳಗ್ಗೆ ನೀಲಿಂದ ಹೊರಟು ಮಧ್ಯಾಹ್ನ ಫ್ಲೈಟ್ ಹಿಡೀತೀನಿ ಅನ್ನೋದು ಬೇಡ. ಬ್ಯಾಗಲ್ಲಿ ಚಿಪ್ಪು, ಹವಳದ ಚೂರು ಇದ್ರೆ ಏರ್‌ಪೋರ್ಟ್ ಸ್ಕ್ಯಾನಲ್ಲಿ ಸಿಕ್ಕೋತೀರ, ಮಕ್ಕಳ ಜೇಬು, ಸ್ಯಾಂಡಲ್ಸ್ ಕವರು ಎಲ್ಲಾ ರೂಮ್ ಬಿಡೋ ಮುಂಚೆನೇ ಕೊಡವಿ ನೋಡ್ಕೊಳ್ಳಿ.